ಗಂಜಿ ಕುಡಿದ ಕಲ್ಲು ಟಗರು

ನವಣೆ ಗಂಜಿಗೆ ಹಂದಿಕೊಬ್ಬು ಕಲಸಿ, ಬಟ್ಟಲಿಗೆ ಬಗ್ಗಿಸಿಕೊಂಡು ಬೆಳಿಗ್ಗೆಯೇ ಹೊರಟೆ. ನನ್ನ ಎಳೆಮಗುವಿಗೆ ಅಂದು ತಿಂಗಳು ತುಂಬಿತ್ತು. ಸಾವಿರ ವರ್ಷ ಹಿಂದಿನ ಸಾಂಗ್ ವಂಶದ ದೊರೆಯ ಗೋರಿಯೆದುರು, ಗೋಧಿ ಹೊಲದ ನಡುವೆ ಕಾವಲು ನಿಂತ ಕಲ್ಲು ಟಗರಿನ ಬಾಯಿಗೆ ಬಾಣಂತಿಯರು ಗಂಜಿ ಸವರುವುದು ನಮ್ಮೂರ ಪದ್ಧತಿ.

ಹೋದ ತಿಂಗಳ ಬಿರುಗಾಳಿಗೆ ಅದರ ತಲೆ ಮುರಿದು ಬಿದ್ದಿತ್ತು. ಪಟ್ಟಣದ ಕಲ್ಲುಕುಟಿಗ ನಿಯೆ ಹತ್ತು ದಿನ ತನ್ನ ಬಿಡಾರದಲ್ಲಿಟ್ಟುಕೊಂಡು, ಆಮೇಲೆ ಕೂಡಿಸಿ, ಗಾರೆ ಆರಲೆಂದು ಬಟ್ಟೆ ಸುತ್ತಿದ್ದ. ಅದನ್ನು ಅಂದು ತಾನೇ ಬಿಚ್ಚಿದ್ದ. ನಾನು ಸವರಿದ ಗಂಜಿಯ ತಿಳಿ ಕಲ್ಲಿನೊಳಗೆ ಇಂಗಿಹೋಯಿತು. ತಲೆತಲಾಂತರದಿಂದ ಕೊಬ್ಬು ಉಂಡ ಕಲ್ಲು ಹೀಗೆ ಹೀರುವುದುಂಟೇ?

ಹಿರಿಮಗಳು ಮೈಸುಯಿಯನ್ನು ಎಳೆದುಕೊಂಡು ಶೀ ಅಜ್ಜಿಯ ಮನೆಗೆ ಓಡಿದೆ. ಆಕೆ ಊರ ಸೂಲಗಿತ್ತಿ. ಕಳೆದ ಕೋಳಿಯಿಂದ ಕದ್ದ ಬಳೆಯವರೆಗೆ ಎಲ್ಲವನ್ನೂ ಪತ್ತೆಹಚ್ಚಿದವಳು. ಜೊತೆಗೆ ಅಲೆದವಳು ನಾನು. ಅಜ್ಜಿ ಬಂದು ಟಗರಿನ ಮೂತಿಗೆ ನೀರು ಸುರಿದು ನೋಡಿದಳು. ಜಿಡ್ಡುಗಲ್ಲಿನ ಮೇಲೆ ಜಾರಬೇಕಾದ ನೀರೂ ಇಂಗಿತು.

"ತಲೆ ನಕಲಿ ಕಣೇ. ಹಳೇ ತಲೆಗೆ ಪೇಟೇಲಿ ಭಾರಿ ಬೆಲೆ, ಯಾರೋ ಕದ್ದಿದ್ದಾರೆ."

ಮಧ್ಯಾಹ್ನದೊಳಗೆ ಠಾಣೆಯ ಪೇದೆ ಬಿಯಾನ್ ಹಗ್ಗ ಹಿಡಿದು ಬಂದ. "ನನಗೆ ಕೊಟ್ಟ ತಲೆಯನ್ನೇ ಕೂಡಿಸಿದೆ, ಅಷ್ಟೆ" ಎಂದ ನಿಯೆ. ನಿಯೆಯ ಕೈ ಸೇರುವ ಮೊದಲು ತಲೆ ಮೂರು ದಿನ ಗೋರಿಯ ಕಾವಲುಗಾರ ಫಂಗನ ಗುಡಿಸಲಲ್ಲಿ ಬೀಗದೊಳಗಿತ್ತು.

"ಬೀಗದ ಕೈ ನಿನ್ನ ಸೊಂಟದಲ್ಲೇ ಇತ್ತಲ್ಲ ಮುದುಕಾ, ನಡಿ ಜೈಲಿಗೆ!" ಎಂದು ಬಿಯಾನ್ ಫಂಗನ ಮೇಲೆ ಹರಿಹಾಯ್ದ.

"ನಲವತ್ತು ವರ್ಷ ಕಾಯ್ದೆ ಕಣಪ್ಪಾ" ಎಂದ ಫಂಗ್.

"ಹಗ್ಗ ಮಡಿಸಿಟ್ಕೋ ಬಿಯಾನ್. ನಿನ್ನ ಹೊಕ್ಕುಳಬಳ್ಳಿ ಕೊಯ್ದವಳು ನಾನು, ನನ್ನೆದುರು ಹಾರಾಡಬೇಡ. ಎಲ್ಲರನ್ನೂ ಟಗರಿನ ಹತ್ರ ಕರಿ" ಎಂದಳು ಅಜ್ಜಿ.

ನಿಯೆ ಪಟ್ಟಣಕ್ಕೆ ಹೊರಡಲು ಕೈಗಾಡಿಗೆ ಸಾಮಾನು ಹೇರಿ, ಮೇಲೆ ಹುಲ್ಲು ಮುಚ್ಚಿಕೊಂಡೇ ಬಂದ. ಮೈಸುಯಿ ಗಾಡಿಯ ಪಕ್ಕ ಕುಕ್ಕರಿಸಿದ್ದಳು. "ಅಮ್ಮಾ, ಅಲ್ಲಿ..." ಎಂದು ನನ್ನ ಅಂಗಿಗೆ ಜೋತುಬಿದ್ದಾಗ ಸುಮ್ಮನಿರಿಸಿದೆ.

"ಫಂಗ್, ದಿನಾ ಬೆಳಿಗ್ಗೆ ಈ ಟಗರಿಗೆ ಏನು ಮಾಡ್ತಿದ್ದೆ?" ಎಂದು ಅಜ್ಜಿ ಕೇಳಿದಳು.

"ಬಾಯಿಗೆ ಮುತ್ತೋ ಇರುವೆ ಒರೆಸ್ತಿದ್ದೆ, ಶೀ ಅಕ್ಕ. ಎಲ್ಲಾ ನಿಮ್ಮ ಗಂಜಿ ಕಾಟ!"

ಜನ ನಕ್ಕರು. ಅಜ್ಜಿ ಫಂಗನತ್ತ ಬೆರಳು ತೋರಿದಳು.

"ಜಿಡ್ಡಿನ ವಿಷಯ ಇವನಿಗೆ ಗೊತ್ತು. ಇವನೇ ನಕಲಿ ಮಾಡಿದ್ರೆ ಮೊದಲು ಬಾಯಿಗೆ ಕೊಬ್ಬು ಬಳೀತಿದ್ದ. ಮಾಡಿದವನು ಮಣ್ಣು, ಪಾಚಿ ಎಲ್ಲಾ ಹಚ್ಚಿದ್ದಾನೆ, ಬಾಯಿಗೆ ಮಾತ್ರ ಜಿಡ್ಡು ಬಳಿದಿಲ್ಲ. ಅಂದ್ರೆ ಪರವೂರಿನವನು. ಈ ತಲೆ ಮುಟ್ಟಿದ ಪರವೂರಿನವನು ಒಬ್ಬನೇ."

ನಿಯೆ ತೋಳು ಕಟ್ಟಿದ. "ಗಂಜಿನೂ ಸಾಕ್ಷಿ ಹೇಳುತ್ತಾ ಅಜ್ಜಿ? ನಿಜವಾದ ತಲೆ ಎಲ್ಲಿದೆ, ತೋರಿಸಿ ನೋಡೋಣ!"

ಅಜ್ಜಿ ನಿಧಾನವಾಗಿ ಬಗ್ಗಿ ನನ್ನ ಮಗಳ ಭುಜ ಹಿಡಿದಳು. "ಆಗಿಂದ ಏನೋ ಕೇಳ್ಬೇಕು ಅಂತಿದ್ದೀಯಲ್ಲ ಪುಟ್ಟಿ, ಕೇಳು."

ಮೈಸುಯಿ ಗಟ್ಟಿಯಾಗಿ ಕೇಳಿದಳು:

"ನಿಯೆ ಮಾವಾ, ಇರುವೆಗಳೆಲ್ಲ ಸಾಲು ಕಟ್ಟಿ ನಿಮ್ಮ ಗಾಡಿಯ ಹುಲ್ಲೊಳಗೆ ಯಾಕೆ ಹೋಗ್ತಿವೆ?"