ಒಂಚೂರು ಸರಿದ ಕೆಂಪು

ಮೆಟ್ಟಿಲ ಮೇಲೆ ಅಜ್ಜನ ಕೋಲಿನ ಸದ್ದು ಕೇಳಿಸಿದಾಗ ಕಡ್ಡಿ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದಳು. ಬಲಗೈಯಲ್ಲಿ ಒಂದು ಬ್ರಷ್ಷು, ಎಡಗೈಯಲ್ಲಿ ಹಳದಿ ಬಣ್ಣದ ಬಟ್ಟಲು, ಬಾಯಲ್ಲಿ ಇನ್ನೊಂದು ಬ್ರಷ್ಷು.

"ನಿಧಾನಕ್ಕೆ ಹತ್ತು ಅಪ್ಪಾ. ಆತುರ ಏನಿಲ್ಲ," ಎಂದು ಕೆಳಗಿನಿಂದ ಅತ್ತೆಯ ದನಿ ಬಂತು.

"ನನಗೆಲ್ಲಿ ಆತುರ? ಮಂಡಿ ಹೇಳಿದಾಗ ಹೆಜ್ಜೆ ಇಡ್ತೀನಿ. ಅದು ಇನ್ನೂ ಯೋಚನೆ ಮಾಡ್ತಾ ಇದೆ," ಅಂದ ಅಜ್ಜ.

ಆತುರ ಇದ್ದದ್ದು ಕಡ್ಡಿಗೆ. ಎದುರಿಗಿದ್ದ ದೊಡ್ಡ ಚಿತ್ರದ ಹಳದಿ ಆಕಾಶದ ಮೇಲೆ ಚೆಲ್ಲಿಕೊಂಡಿದ್ದ ಕೆಂಪಿನ ಕೊನೆಯ ಚೂರನ್ನು ಮುಚ್ಚುವುದು ಬಾಕಿಯಿತ್ತು. ಅಜ್ಜನ ಮಂಡಿ ಇನ್ನೊಂದಿಷ್ಟು ಹೊತ್ತು ಯೋಚನೆ ಮಾಡಲಿ ಅಂದುಕೊಳ್ಳುತ್ತಾ ಅವಳು ಬ್ರಷ್ಷು ಎಳೆದಳು. ಮುಗಿಯಿತು.

ಕಡ್ಡಿ ಎಂಬುದು ಅವಳ ಶಾಲೆಯ ಹೆಸರಲ್ಲ. ಕೈಕಾಲು ಸಣ್ಣ ಎಂದು ಅಜ್ಜ ಇಟ್ಟ ಹೆಸರು. "ಮಾತು ಮಾತ್ರ ದಿಮ್ಮಿ," ಎಂದು ಅವಳ ಅಮ್ಮ ಅದಕ್ಕೆ ಸೇರಿಸುತ್ತಿದ್ದಳು.

ಈ ಮಹಡಿಯ ಕೋಣೆ ಅವಳ ಅತ್ತೆಯದು, ಅಂದರೆ ಅಪ್ಪನ ತಂಗಿಯದು. ಅತ್ತೆ ಚಿತ್ರ ಬರೆಯುವವಳು. ಹಳೆಯ ಕಾಮಿಕ್ ಪುಸ್ತಕದಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಚಿತ್ರವೊಂದನ್ನು ಆರಿಸಿ, ಅದನ್ನು ಬಾಗಿಲಿನಷ್ಟು ದೊಡ್ಡದು ಮಾಡುವುದು ಅವಳ ಕೆಲಸ. ಕೇಳಲು ಸುಲಭ. ಮಾಡಲು ಕೂತರೆ ಗೊತ್ತಾಗುತ್ತದೆ.

ಮೊದಲು ಚಿಕ್ಕ ಚಿತ್ರದ ಮೇಲೆ ಚೌಕಚೌಕವಾಗಿ ಗೆರೆ ಹಾಕುತ್ತಾಳೆ. ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕಗಳು, ಆದರೆ ದೊಡ್ಡವು. ಅಲ್ಲಿಯ ಚೌಕದಲ್ಲಿ ಮೂಗಿನ ತುದಿ ಇದ್ದರೆ ಇಲ್ಲಿಯ ಚೌಕದಲ್ಲೂ ಮೂಗಿನ ತುದಿ ಬರಬೇಕು. ಆಮೇಲೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಟ್ರೇಸಿಂಗ್ ಪೇಪರ್ ಮಾಡಿ, ಒಂದಾದ ಮೇಲೆ ಒಂದು ಬಣ್ಣ ತುಂಬುತ್ತಾಳೆ. ಕೆನ್ನೆಗೆ ಮಾತ್ರ ತೂತುತೂತಿನ ತಗಡು ಇಟ್ಟು ಸ್ಪಂಜಿನಿಂದ ಒತ್ತುತ್ತಾಳೆ. ತಗಡು ಎತ್ತಿದರೆ ಕೆನ್ನೆಯ ತುಂಬ ಗುಂಡುಗುಂಡಾದ ಚುಕ್ಕೆಗಳು. ಎಲ್ಲಕ್ಕಿಂತ ಕೊನೆಗೆ ಕಪ್ಪು ಗೆರೆ. ಆ ಗೆರೆ ಎಳೆಯುವಾಗ ಅತ್ತೆ ಉಸಿರು ಬಿಡುವುದಿಲ್ಲ. ನೋಡುತ್ತಾ ಕೂತ ಕಡ್ಡಿಯೂ ಬಿಡುವುದಿಲ್ಲ.

ಆ ಕೋಣೆಯಲ್ಲಿ ಇರುವುದಕ್ಕೆ ಒಂದೇ ನಿಯಮವಿತ್ತು. "ನೋಡು, ಕೇಳು, ಬ್ರಷ್ ತೊಳಿ. ಚಿತ್ರ ಮಾತ್ರ ಮುಟ್ಟಬೇಡ."

ಕಡ್ಡಿ ಇಷ್ಟು ದಿನ ಮುಟ್ಟಿರಲಿಲ್ಲ. ಅದಕ್ಕೇ ಅತ್ತೆ ಹೋದ ವಾರ, "ಮುಂದಿನ ಚಿತ್ರದಲ್ಲಿ ಕೆನ್ನೆ ಚುಕ್ಕೆ ನಿಂದು," ಎಂದು ಮಾತು ಕೊಟ್ಟಿದ್ದಳು. ಅಂದಿನಿಂದ ಕಡ್ಡಿ ಹಳೆಯ ಪೇಪರಿನ ಮೇಲೆಲ್ಲ ಚುಕ್ಕೆ ಒತ್ತಿ ಅಭ್ಯಾಸ ಮಾಡಿದ್ದಳು. ಪಕ್ಕದ ಮನೆಯ ಬಿಳಿ ಬೆಕ್ಕಿನ ಮೇಲೂ ಒತ್ತಲು ಹೋಗಿ ಬೈಸಿಕೊಂಡಿದ್ದಳು.

ಹಾಗಿದ್ದವಳು ಈವತ್ತು ಯಾಕೆ ಮುಟ್ಟಿದಳು ಎಂದರೆ, ಅದಕ್ಕೆ ಕಾರಣ ಅವಳ ಕ್ಲಾಸ್ ಲೀಡರ್.

ಲೀಡರ್ ನಿನ್ನೆ ಸಂಜೆ ನೋಟ್ಸ್ ಕೇಳಲು ಬಂದಿದ್ದಳು. ಬಂದವಳು ಮಹಡಿ ಹತ್ತಿ ಚಿತ್ರವನ್ನೂ ನೋಡಿದಳು. ಕೆಂಪು ಫ್ರಾಕಿನ ಹುಡುಗಿಯೊಬ್ಬಳು ಒಂದು ತಾರಸಿಯಿಂದ ಇನ್ನೊಂದು ತಾರಸಿಗೆ ಹಾರುತ್ತಿರುವ ಚಿತ್ರ. ಹಿಂದೆ ಹಳದಿ ಆಕಾಶ.

"ನಿಮ್ಮತ್ತೆಗೆ ಕಲರಿಂಗ್ ಬರಲ್ವಾ?" ಎಂದು ಲೀಡರ್ ಕೇಳಿದಳು. "ಕೆಂಪು ನೋಡು, ಗೆರೆ ದಾಟಿ ಹೊರಗೆ ಬಂದಿದೆ. ಈ ಕಡೆ ಬಿಳಿ ಜಾಗ ಹಾಗೇ ಬಿಟ್ಟಿದ್ದಾರೆ. ತುಟಿನೂ ಪಕ್ಕಕ್ಕೆ ಹೋಗಿದೆ. ಯುಕೆಜಿ ಮಕ್ಕಳು ಇದಕ್ಕಿಂತ ನೀಟಾಗಿ ಮಾಡ್ತಾರೆ."

ಕಡ್ಡಿಯ ಮೈಯೆಲ್ಲ ಉರಿದುಹೋಯಿತು. ಆದರೆ ತಿರುಗಿ ನೋಡಿದರೆ ಲೀಡರ್ ಹೇಳಿದ್ದು ನಿಜವೇ ಆಗಿತ್ತು. ಫ್ರಾಕಿನ ಕೆಂಪು ಗೆರೆಯೊಳಗೆ ಕೂತಿರಲಿಲ್ಲ. ಯಾರೋ ಇಡೀ ಕೆಂಪನ್ನು ಬಲಕ್ಕೆ ಒಂಚೂರು ತಳ್ಳಿದ ಹಾಗಿತ್ತು. ಇಷ್ಟು ದಿನ ತನ್ನ ಕಣ್ಣಿಗೆ ಯಾಕೆ ಬೀಳಲಿಲ್ಲವೋ ಅವಳಿಗೆ ತಿಳಿಯಲಿಲ್ಲ.

ನಾಳೆ ಬೆಳಿಗ್ಗೆ ವ್ಯಾನು ಬಂದು ಚಿತ್ರವನ್ನು ಪ್ರದರ್ಶನಕ್ಕೆ ಒಯ್ಯುತ್ತದೆ. ಸೋಮವಾರ ಅವಳ ಕ್ಲಾಸಿನ ಎಲ್ಲರೂ ಅದನ್ನು ನೋಡಲು ಹೋಗುತ್ತಾರೆ. ಅಲ್ಲಿ ಲೀಡರ್ ಎಲ್ಲರ ಮುಂದೆ ಇದೇ ಮಾತು ಹೇಳಿದರೆ? ಎಲ್ಲರೂ ಅತ್ತೆಯನ್ನು ನೋಡಿ ನಕ್ಕರೆ?

ಹೀಗಾಗಿ ಇಂದು ಮಧ್ಯಾಹ್ನ ಅತ್ತೆ ಚಿತ್ರ ಸುತ್ತುವ ಕಾಗದ, ಹಗ್ಗ ತರಲು ಅಂಗಡಿಗೆ ಹೋದದ್ದೇ ತಡ, ಕಡ್ಡಿ ಸ್ಟೂಲು ಹತ್ತಿದಳು. ಬಿಳಿ ಜಾಗಕ್ಕೆ ಕೆಂಪು ತುಂಬಿದಳು. ಹೊರಗೆ ಬಂದ ಕೆಂಪನ್ನು ಹಳದಿಯಿಂದ ಮುಚ್ಚಿದಳು. ತುಟಿಯನ್ನು ತುಟಿಯ ಜಾಗಕ್ಕೆ ತಂದಳು. ಎಷ್ಟು ಹುಷಾರಾಗಿ ಮಾಡಿದಳೆಂದರೆ, ಡ್ರಾಯಿಂಗ್ ಟೀಚರ್ ನೋಡಿದ್ದರೆ ಹತ್ತಕ್ಕೆ ಹತ್ತು ಕೊಟ್ಟು ಬೆನ್ನು ತಟ್ಟುತ್ತಿದ್ದರು.

ಬಾಗಿಲು ತೆರೆಯಿತು. ಕಡ್ಡಿ ಕೆಳಗೆ ಜಿಗಿದು, ಬ್ರಷ್ಷುಗಳನ್ನು ನೀರಿಗೆ ಹಾಕಿ, ಏನೂ ಆಗದವಳ ಹಾಗೆ ನಿಂತಳು. ಗಲ್ಲದ ಮೇಲೆ ಹಳದಿ ಬಣ್ಣ ಮೆತ್ತಿಕೊಂಡಿದ್ದು ಅವಳಿಗೆ ಗೊತ್ತಿರಲಿಲ್ಲ.

ಅಜ್ಜ ಈ ಕೋಣೆಗೆ ಬಂದು ಬಹಳ ದಿನಗಳಾಗಿದ್ದವು. ಮಂಡಿನೋವಿನಿಂದ ಅವನು ಮಹಡಿಯ ಆಸೆಯನ್ನೇ ಬಿಟ್ಟಿದ್ದ. ವ್ಯಾನು ಬರುವ ಮೊದಲು ಈ ಚಿತ್ರವನ್ನು ಅವನೇ ಮೊದಲು ನೋಡಬೇಕೆಂದು ಅತ್ತೆ ಹಟ ಹಿಡಿದು ಕರೆತಂದಿದ್ದಳು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಚಿತ್ರಕ್ಕೆ ಬೆನ್ನು ಮಾಡಿ ನಿಂತು, ಅವನ ಮುಖವನ್ನೇ ನೋಡತೊಡಗಿದಳು.

ಅಜ್ಜ ಕನ್ನಡಕ ಏರಿಸಿದ. ತುಂಬ ಹೊತ್ತು ನೋಡಿದ.

"ಭೇಷ್," ಅಂದ. "ಬಣ್ಣ ಎಷ್ಟು ಕರೆಕ್ಟಾಗಿ ಕೂತಿದೆ. ಕೂದಲೆಳೆಯಷ್ಟೂ ಸರಿದಿಲ್ಲ."

ಅತ್ತೆಯ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು. ಅವಳು ನಿಧಾನವಾಗಿ ಹಿಂದಕ್ಕೆ ತಿರುಗಿದಳು.

ಕಡ್ಡಿಗೆ ಇನ್ನು ತಡೆಯಲಾಗಲಿಲ್ಲ. "ಅದನ್ನ ಸರಿ ಮಾಡಿದ್ದು ನಾನು, ಅತ್ತೆ. ನೀನು ಗೆರೆ ದಾಟಿಸಿಬಿಟ್ಟಿದ್ದೆ. ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿದೀನಿ."

ಅತ್ತೆ ಚಿತ್ರದ ಹತ್ತಿರ ಹೋದಳು. ಬೆರಳಿನಿಂದ ಫ್ರಾಕಿನ ಅಂಚನ್ನು ಮುಟ್ಟಿ ನೋಡಿದಳು. ಬೆರಳಿಗೆ ಹಸಿ ಹಳದಿ ಅಂಟಿತು. ಅವಳು ಬೈಯಲಿಲ್ಲ. ಬೈದಿದ್ದರೆ ಕಡ್ಡಿ ಏನಾದರೂ ಎದುರುತ್ತರ ಕೊಡುತ್ತಿದ್ದಳು. ಅತ್ತೆ ಸ್ಟೂಲಿನ ಮೇಲೆ ಸುಮ್ಮನೆ ಕೂತುಬಿಟ್ಟಳು.

"ಯಾಕೆ ಮುಟ್ಟಿದೆ?" ಎಂದು ಕೇಳಿದಳು.

"ಲೀಡರ್ ಹೇಳಿದ್ಲು, ನಿನಗೆ ಕಲರಿಂಗ್ ಬರಲ್ಲ ಅಂತ. ಸೋಮವಾರ ಎಲ್ಲರೂ ನಗ್ತಾರೆ. ಅದಕ್ಕೆ..." ಕಡ್ಡಿಯ ದಿಮ್ಮಿಯಂಥ ಮಾತು ಕಡ್ಡಿಯಷ್ಟು ಸಣ್ಣಗಾಯಿತು. "ಯಾರೂ ನಿನ್ನ ನೋಡಿ ನಗಬಾರದು ಅಂತ."

ಅತ್ತೆ ಎದ್ದು ಕಪಾಟಿನಿಂದ ಒಂದು ಹಳೆಯ ಕಾಮಿಕ್ ಪುಸ್ತಕ ತಂದಳು. ಕಾಗದ ಹಳದಿಯಾಗಿ, ಮೂಲೆಗಳು ಸವೆದಿದ್ದವು. "ಬಾ ಇಲ್ಲಿ," ಎಂದು ಕರೆದು ಭೂತಗನ್ನಡಿ ಕೊಟ್ಟಳು.

ಕಡ್ಡಿ ಬಗ್ಗಿ ನೋಡಿದಳು. ಅದೇ ಹುಡುಗಿ, ಅದೇ ತಾರಸಿ. ಹತ್ತಿರದಿಂದ ನೋಡಿದರೆ ಕೆನ್ನೆ ಅಂದರೆ ಬರೀ ಚುಕ್ಕೆಗಳು. ಕೆಂಪು ಮಾತ್ರ ಗೆರೆಯೊಳಗೆ ಇರಲಿಲ್ಲ. ಬಲಕ್ಕೆ ಒಂಚೂರು ಸರಿದಿತ್ತು, ಅತ್ತೆ ಬರೆದಿದ್ದಂತೆಯೇ.

"ಪುಸ್ತಕದಲ್ಲೇ ಹೀಗಿದೆ," ಅಂದಳು ಕಡ್ಡಿ. ಅವಳ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಎಲ್ಲಿ, ಕೊಡು," ಎಂದು ಅಜ್ಜ ಕೈ ಚಾಚಿದ. ಪುಟ ನೋಡಿದವನೇ ಹುಬ್ಬು ಗಂಟಿಕ್ಕಿದ. "ಇದು ನಮ್ಮ ಪ್ರೆಸ್ಸಿಂದು."

ಅಜ್ಜ ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಿದ್ದನೆಂದು ಕಡ್ಡಿಗೆ ಗೊತ್ತಿತ್ತು. ಕಾಮಿಕ್ಸ್ ಕೂಡ ಅಲ್ಲೇ ಅಚ್ಚಾಗುತ್ತಿತ್ತೆಂದು ಗೊತ್ತಿರಲಿಲ್ಲ.

"ಒಂದೊಂದು ಬಣ್ಣಕ್ಕೂ ಒಂದೊಂದು ಪ್ಲೇಟು," ಎಂದು ಅಜ್ಜ ಅವಳಿಗೆ ವಿವರಿಸಿದ. "ಹಳದಿ ಆದ್ಮೇಲೆ ಕೆಂಪು, ಆಮೇಲೆ ನೀಲಿ, ಆಮೇಲೆ ಕಪ್ಪು. ಅದೇ ಹಾಳೆ ಮತ್ತೆ ಮತ್ತೆ ಒಳಗೆ ಹೋಗ್ಬೇಕು. ಒಂದು ಸಲ ಒಂಚೂರು ಸರಿದ್ರೆ ಮುಗೀತು, ತುಟಿ ಒಂದು ಕಡೆ, ಬಣ್ಣ ಒಂದು ಕಡೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೆ. ಆದ್ರೂ ಒಂದಷ್ಟು ಕೆಡ್ತಿತ್ತು. ಕೆಟ್ಟಿದ್ದು ಅಂಗಡಿಗೆ ಹೋಗ್ತಿರಲಿಲ್ಲ."

"ಮತ್ತೆ ಎಲ್ಲಿಗೆ ಹೋಗ್ತಿತ್ತು?"

ಅತ್ತೆ ಹೇಳಿದಳು. "ನಮ್ಮನೆಗೆ. ನನಗೆ, ನಿಮ್ಮಪ್ಪನಿಗೆ."

ಅಜ್ಜ ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. "ಒಳ್ಳೇ ಪ್ರತಿ ಮನೆಗೆ ತರೋಕೆ ಬಿಡ್ತಿರಲಿಲ್ಲ," ಅಂದ ಮೆಲ್ಲಗೆ. "ಬೇರೆ ಮಕ್ಕಳು ಚೆನ್ನಾಗಿರೋದನ್ನ ಓದ್ತಿದ್ರು. ನಿಮಗೆ ಮಾತ್ರ ಈ ಕೆಟ್ಟಿದ್ದು. ಅದನ್ನೇ ಇಷ್ಟು ದೊಡ್ಡದು ಮಾಡಿ ಊರಿಗೆಲ್ಲ ತೋರಿಸ್ಬೇಕಾ? ಮಗು ಮುಚ್ಚಿದ್ದೇ ಒಳ್ಳೇದಾಯ್ತು."

ಅಜ್ಜ ತನ್ನ ಪರ ಮಾತಾಡಿದ. ಕಡ್ಡಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅಜ್ಜ ನಾಚಿಕೊಂಡಿದ್ದ. ಅಜ್ಜ ನಾಚಿಕೊಂಡಿದ್ದನ್ನು ಅವಳು ಇದುವರೆಗೆ ನೋಡಿರಲಿಲ್ಲ.

ಅತ್ತೆ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. "ಅಪ್ಪಾ, ನಾನು ಕಡ್ಡಿಯಷ್ಟಿದ್ದಾಗ ಫ್ರೆಂಡ್ ಮನೇಲಿ ಇದೇ ಪುಸ್ತಕದ ಅಂಗಡಿ ಪ್ರತಿ ನೋಡಿದೆ. ಕೆಂಪು ಸರಿಯಾಗಿ ಒಳಗೇ ಕೂತಿತ್ತು. ನನಗೆ ಈ ಹುಡುಗಿಯ ಗುರುತೇ ಸಿಗಲಿಲ್ಲ. ಯಾರೋ ಬೇರೆ ಹುಡುಗಿ ಅನ್ನಿಸ್ತು. ನಮ್ಮನೆಯವಳು ಎಷ್ಟು ಜೋರಾಗಿ ಹಾರ್ತಿದ್ಲು ಅಂದ್ರೆ, ಫ್ರಾಕಿನ ಬಣ್ಣ ಅವಳಿಗಿಂತ ಮುಂದೆ ಹೋಗಿಬಿಡ್ತಿತ್ತು. ಅಂಗಡಿ ಪ್ರತಿಯವಳು ಬರೀ ನಿಂತಿದ್ಲು."

ಕಡ್ಡಿ ಥಟ್ಟನೆ ತಲೆಯೆತ್ತಿ ದೊಡ್ಡ ಚಿತ್ರವನ್ನು ನೋಡಿದಳು. ಬಣ್ಣವೆಲ್ಲ ನೀಟಾಗಿ ಒಳಗಿತ್ತು. ಹುಡುಗಿಯ ಕಾಲುಗಳು ಗಾಳಿಯಲ್ಲಿದ್ದವು. ಆದರೆ ಅವಳು ಹಾರುತ್ತಿರಲಿಲ್ಲ. ಫೋಟೋಗೆ ನಿಂತವಳ ಹಾಗಿದ್ದಳು.

ಕಡ್ಡಿಯ ಕಣ್ಣಲ್ಲಿ ನೀರು ತುಂಬಿತು. "ನಾನು ಹಾಳು ಮಾಡಿಬಿಟ್ಟೆ ಅಲ್ವಾ, ಅತ್ತೆ? ಅಜ್ಜನಿಗೆ ತೋರಿಸ್ಬೇಕು ಅಂತಾನೇ ನೀನು ಬರೆದಿದ್ದೆ. ಇನ್ನು ನನ್ನ ಇಲ್ಲಿಗೆ ಸೇರಿಸಲ್ಲ."

"ಬಣ್ಣ ತಾನೇ? ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿದ್ರಾಯ್ತು," ಅಂದಳು ಅತ್ತೆ. ಸೆರಗಿನಿಂದ ಅವಳ ಗಲ್ಲದ ಹಳದಿ ಒರೆಸಿದಳು. "ಕೇಳದೆ ಮುಟ್ಟಿದ್ದಕ್ಕೆ ನನಗೆ ಕೋಪ ಇದೆ. ಅದು ಇರ್ಲಿ, ನಾಳೆ ನೋಡ್ಕೊಳ್ತೀನಿ. ಈಗ ಕೆಲಸ ಇದೆ. ಮೂಗು ಒರೆಸ್ಕೊಂಡು ಆ ಕೆಂಪಿನ ಟ್ರೇಸಿಂಗ್ ಪೇಪರ್ ತಗೊಂಡು ಬಾ. ನೀನು ಸರಿ ಮಾಡಿದ್ದನ್ನ ನೀನೇ ಕೆಡಿಸ್ಬೇಕು."

ಬಣ್ಣ ಒಣಗುವವರೆಗೆ ಮೂವರೂ ಚಹಾ ಕುಡಿದರು. ಕಡ್ಡಿಯದು ಮುಕ್ಕಾಲು ಹಾಲು.

ಆಮೇಲೆ ಅತ್ತೆ ಅಜ್ಜನ ಕುರ್ಚಿಯನ್ನು ಚಿತ್ರದ ಹತ್ತಿರಕ್ಕೆ ಎಳೆದಳು. "ಅಪ್ಪಾ, ಪೇಪರ್ ನೀನು ಹಿಡಿ. ಬಲಕ್ಕೆ ಸರಿಸಿ ಹಿಡಿ, ಅಳತೆ ಹೆಚ್ಚುಕಡಿಮೆ ಆಗಬಾರದು. ತಪ್ಪಾದ್ರೂ ಎಲ್ಲಾ ಕಡೆ ಒಂದೇ ಥರ ತಪ್ಪಾಗ್ಬೇಕು."

ಅಜ್ಜ ಪೇಪರನ್ನು ಚಿತ್ರದ ಮೇಲಿಟ್ಟ. ಅವನ ಬೆರಳುಗಳು ಅದನ್ನು ಆಚೀಚೆ ಮಾಡಿ, ಸರಿಯಾಗಿ ಕಪ್ಪು ಗೆರೆಯ ಮೇಲೇ ತಂದು ಕೂರಿಸಿದವು. "ಹಾಂ, ಕೂತಿತು," ಅಂದ.

"ಸರಿಸ್ಬೇಕು ಅಪ್ಪಾ."

"ಹೌದಲ್ಲ." ಅವನು ಸರಿಸಿದ. ಕೈ ತಾನಾಗಿಯೇ ಅದನ್ನು ಮತ್ತೆ ವಾಪಸ್ಸು ತಂದಿತು. "ಈ ಕೈ ನನ್ನ ಮಾತು ಕೇಳಲ್ಲ ಕಣೆ. ಇಷ್ಟು ವರ್ಷ ಸರಿಬೇಡ ಸರಿಬೇಡ ಅಂತ ಅದಕ್ಕೆ ಹೇಳಿಕೊಟ್ಟು, ಈಗ ಸರಿ ಅಂದ್ರೆ ಎಲ್ಲಿ ಕೇಳುತ್ತೆ?"

ಕಡ್ಡಿಯ ಕೈಯೂ ಕೇಳಲಿಲ್ಲ. ಬ್ರಷ್ಷು ಗೆರೆಯವರೆಗೆ ಹೋಗಿ ಗಕ್ಕನೆ ನಿಂತುಬಿಡುತ್ತಿತ್ತು. ಗೆರೆಯೊಳಗೆ ತುಂಬುವುದೇ ಸುಲಭವೆಂದು ಅವಳಿಗೆ ಅನ್ನಿಸಿತು.

"ಅಜ್ಜ ಮೊಮ್ಮಗಳು ಇಬ್ಬರದೂ ಒಂದೇ ರೋಗ," ಎಂದು ಅತ್ತೆ ನಕ್ಕಳು.

ಅಜ್ಜ ನಗಲಿಲ್ಲ. ಅವನು ಚಿತ್ರದ ಹುಡುಗಿಯ ಮುಖವನ್ನೇ ನೋಡುತ್ತಿದ್ದ.

"ಇವಳು ಆ ಕಡೆ ತಾರಸಿ ಮುಟ್ಟಲ್ಲ, ಬಿದ್ದುಬಿಡ್ತಾಳೆ ಅಂತ ನೀನು ಅಳ್ತಿದ್ದೆ," ಅಂದ ಅತ್ತೆಗೆ. "ನಾನು ಓದಿ ಹೇಳೋವಾಗ ಆ ಪುಟ ಬಂದ ಕೂಡ್ಲೇ ನನ್ನ ಅಂಗಿ ಹಿಡ್ಕೊಳ್ತಿದ್ದೆ."

"ನೀನು ಪ್ರತಿ ಸಲಾನೂ ಮುಂದಿನ ಪುಟ ಬೇಗ ತಿರುಗಿಸ್ತಿದ್ದೆ," ಅಂದಳು ಅತ್ತೆ.

ಅಜ್ಜ ಪೇಪರನ್ನು ಎರಡೂ ಕೈಯಲ್ಲಿ ಹಿಡಿದು ಬಲಕ್ಕೆ ಸರಿಸಿದ. ಈ ಸಲ ಕೈ ಹಿಂದಕ್ಕೆ ಬರಲಿಲ್ಲ.

"ಇಷ್ಟು ಸಾಕಾ, ಅಜ್ಜಾ?" ಎಂದು ಕಡ್ಡಿ ಕೇಳಿದಳು.

"ಇನ್ನೊಂಚೂರು ಸರೀಲಿ ಬಿಡು," ಅಂದ ಅಜ್ಜ.

ಕಡ್ಡಿ ಅವನ ಮುಖ ನೋಡಿದಳು. ಅಲ್ಲಿ ಈಗ ನಾಚಿಕೆ ಇರಲಿಲ್ಲ. ಅವಳು ಬ್ರಷ್ಷನ್ನು ಕೆಂಪಿನಲ್ಲಿ ಅದ್ದಿ, ಗೆರೆಯ ಹತ್ತಿರ ನಿಲ್ಲಿಸದೆ, ಹಳದಿ ಆಕಾಶದೊಳಕ್ಕೆ ನಿಧಾನವಾಗಿ ಎಳೆದಳು.