ಗೋಣಿ ಹೊದ್ದ ಮಲ್ಲಿಗೆ

ಮಲ್ಲಿಗೆ ಗಿಡದ ಬುಡದಲ್ಲಿ ಕಡಬು ಬಿದ್ದಿತ್ತು.

ಜ್ಯೋತ್ಸ್ನಾ ಬಗ್ಗಿ ನೋಡಿದಳು. ಒಂದಲ್ಲ, ಸಾಲಿನುದ್ದಕ್ಕೂ ಸಜ್ಜೆ ಕಡಬಿನ ಚೂರುಗಳು, ಕಾಳಿನ ಪಲ್ಯ, ಮೊಸರು ಕಲಸಿದ ಜೋಳದ ನುಚ್ಚು. ಇರುವೆಗಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ಬೇಲಿಯಾಚೆಯವರು ಉಂಡೆಲೆ ಕೊಡವಿದ್ದಾರೆ, ಮತ್ತೇನು!

ಬೇರೆ ಯಾರಾದರೂ ಆಗಿದ್ದರೆ ಬೇಲಿಯ ಹತ್ತಿರ ನಿಂತು ಊರಿಗೆಲ್ಲ ಕೇಳುವಂತೆ ನಾಲ್ಕು ಮಾತು ಆಡುತ್ತಿದ್ದರು. ಆದರೆ ಜ್ಯೋತ್ಸ್ನಾಳ ಮಾತು ಗಂಟಲಿನಿಂದ ಮೇಲೆ ಬರುವುದೇ ಅಪರೂಪ. ಬಿ.ಕಾಂ. ಮುಗಿಸಿ ಮಹಾಪೆಯಲ್ಲಿ ಇಂಟರ್‌ವ್ಯೂಗೆ ಹೋದಾಗ, "ನಿಮ್ಮ ಬಗ್ಗೆ ಹೇಳಿ" ಎಂದದ್ದಕ್ಕೆ ಎದುರಿಗಿದ್ದ ಗ್ಲಾಸಿನ ನೀರನ್ನೆಲ್ಲ ಕುಡಿದು, ಥ್ಯಾಂಕ್ಯೂ ಹೇಳಿ ಎದ್ದು ಬಂದವಳು ಅವಳು. ಹಾಗಾಗಿ ಜಗಳವಾಡಲಿಲ್ಲ. ಬಿದ್ದದ್ದನ್ನೆಲ್ಲ ಆರಿಸಿ ಒಂದು ಕ್ಯಾರಿಬ್ಯಾಗಿಗೆ ತುಂಬಿ, ಬಾಯಿ ಕಟ್ಟಿ, ಬೇಲಿಯ ಗೂಟಕ್ಕೆ ನೇತುಹಾಕಿದಳು. ಎಷ್ಟು ಮರ್ಯಾದೆಯಿಂದ ಮಾಡಿದೆ ಎಂದು ತನ್ನನ್ನೇ ಮೆಚ್ಚಿಕೊಂಡಳು ಕೂಡ.

ಆ ತೋಟ ಇರುವುದು ಕಲ್ಯಾಣದಿಂದ ಮುರ್ಬಾಡ್ ರಸ್ತೆಯಲ್ಲಿ ಒಂದಿಷ್ಟು ಹೋಗಿ, ಉಲ್ಲಾಸ್ ನದಿಯ ಕಡೆ ಇಳಿದರೆ. ಕಲ್ಯಾಣ ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟಿರುವ ಅವಳ ಅಪ್ಪ ತಾರಾನಾಥ, ಬಸಳೆ, ಹರಿವೆ ತಾವೇ ಬೆಳೆದದ್ದಾಗಲಿ ಎಂದು ಆ ತುಂಡನ್ನು ಲೀಸಿಗೆ ಹಿಡಿದಿದ್ದರು. ಮಗಳು ಅದರ ಅರ್ಧದಲ್ಲಿ ಶಂಕರಪುರದ ಮಲ್ಲಿಗೆ ನೆಟ್ಟಳು. ಉಡುಪಿ ಕಡೆಯ ಚಿಕ್ಕಮ್ಮನ ಮನೆಯಿಂದ ಒದ್ದೆ ಬಟ್ಟೆ ಸುತ್ತಿ, ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದ ಗೆಲ್ಲುಗಳು ಅವು. ಮನುಷ್ಯರ ಮುಂದೆ ಮುದುಡುತ್ತಿದ್ದವಳು ಆ ಗಿಡಗಳ ಮುಂದೆ ಮಾತ್ರ ಗಂಟೆಗಟ್ಟಲೆ ಹರಟುತ್ತಿದ್ದಳು.

"ಶಿವರಾತ್ರಿಗೆ ಬಂದು ನೋಡುತ್ತೇನೆ ಮಗಾ," ಎಂದಿದ್ದರು ಅಪ್ಪ. "ಇಲ್ಲಿಯ ಚಳಿಗೆ ಎಲ್ಲ ಗಿಡ ಉಳಿದರೆ ತೋಟ ನಿನ್ನದು. ಒಂದು ಸಾಲು ಹೋದರೂ ಮುಗಿಯಿತು, ಸಾನಪಾಡಾಕ್ಕೆ ಅಕ್ಕನ ಮನೆಗೆ ಹೋಗಿ ಭಾವನ ಆಫೀಸಿನಲ್ಲಿ ಕೂರಬೇಕು. ನಾಲ್ಕು ಜನರ ಜತೆ ಬೆರೆತು ಬಾಯಿ ಬಿಡುವುದು ಕಲಿಯಬೇಕು. ಆಯ್ತಾ?"

ಆಯ್ತು ಎಂದು ತಲೆಯಾಡಿಸಿದ್ದಳು.

ಭಾನುವಾರ ಬೇಲಿಯ ಹತ್ತಿರ ಒಬ್ಬ ನಿಂತಿದ್ದ. ಎತ್ತರದ ಹುಡುಗ, ಮೊಣಕೈವರೆಗೆ ಮಡಚಿದ ಶರ್ಟು, ಕೈಯಲ್ಲಿ ಖಾಲಿ ಕ್ಯಾರಿಬ್ಯಾಗು.

"ಮೇಡಂ, ಈ ಥೈಲಿ ನಿಮ್ದಾ?"

ಅವಳು ಗಿಡವನ್ನೇ ನೋಡುತ್ತ ತಲೆಯಾಡಿಸಿದಳು.

"ನಾ ಆಕಾಶ. ಈ ಕಡೆ ಹೊಲ ಮಾಡೋ ಚಂದವ್ವನ ಮಗ. ವಿಠ್ಠಲವಾಡಿದಾಗ ಇರ್ತೀವಿ. ಒಂದು ಮಾತು ಕೇಳ್ಲಾ? ಸಿಟ್ಟಾಗಬ್ಯಾಡ್ರಿ. ನಮ್ಮ ಅವ್ವ ಕೊಟ್ಟ ಊಟ ಪ್ಯಾಕ್ ಮಾಡಿ ರಿಟರ್ನ್ ಯಾಕ ಮಾಡಿದ್ರಿ?"

"ಊಟವಾ?" ಬಾಯಿ ತನ್ನಷ್ಟಕ್ಕೇ ತೆರೆಯಿತು. "ಎಂಜಲು ಅಂತ..."

ಆಕಾಶ ಹಣೆ ಹಿಡಿದುಕೊಂಡ. "ಅರೆ ದೇವಾ! ಎಳ್ಳಮಾಸಿ ಇತ್ತಲ್ರಿ. ಆವತ್ತು ನಮ್ಮ ಕಲಬುರ್ಗಿ ಕಡೆ ಹೊಲಕ್ಕ ಚರಗ ಚೆಲ್ತಾರ. ಭೂಮಿತಾಯಿ ಈಗ ಬಸುರಿ, ಆಕಿಗಿ ಬಯಕಿ ಊಟ ಅದು. 'ಬಾಜೂ ಹುಡುಗಿ ಒಬ್ಬಾಕಿನೇ ಒದ್ದಾಡ್ತಾಳ, ಆಕಿ ಗಿಡಕ್ಕೂ ನಾಕು ತುತ್ತು ಇರ್ಲಿ' ಅಂತ ಅವ್ವ ಬೇಲಿ ದಾಟಿಸಿ ಚೆಲ್ಯಾಳ. ನೀವು ಗೂಟಕ್ಕ ಕಟ್ಟೀರಿ."

ಜ್ಯೋತ್ಸ್ನಾಳಿಗೆ ಕಿವಿಯ ತುದಿಯವರೆಗೂ ಬಿಸಿಯೇರಿತು. ಬಸುರಿಯ ಮುಂದಿನ ಎಲೆ ಎಳೆದ ಹಾಗಾಯಿತಲ್ಲ! "ದೇವರೇ," ಎಂದಳು. ಅಷ್ಟೇ ಹೊರಟಿತು.

ಅವನು ಜಗಳಕ್ಕೆಂದೇ ಬಂದವನು. ಆದರೆ ಆ ಕೆಂಪಾದ ಕಿವಿಯನ್ನೂ ತುಂಬಿ ಬಂದ ಕಣ್ಣನ್ನೂ ನೋಡಿದ ಮೇಲೆ ಸಿಟ್ಟು ಎಲ್ಲಿ ಇಟ್ಟೆ ಎಂದು ಮರೆತವನಂತೆ ನಿಂತ. "ಜಾನೇ ದೋ, ಹೋಗ್ಲಿ ಬಿಡ್ರಿ," ಎಂದ ಮೆಲ್ಲಗೆ. "ಒಬ್ಬೊಬ್ಬರ ಕಡೆ ಒಂದೊಂದು ರೀತಿ."

ಸಂಜೆ ಅವಳು ಇದ್ದಬದ್ದ ಮೊಗ್ಗೆಲ್ಲ ಕಟ್ಟಿ, ಒಂದು ಗೇಣು ಮಾಲೆ ಹಿಡಿದು ಚಂದವ್ವನ ಬಳಿ ಹೋದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ 'ಕ್ಷಮಿಸಿ' ಅಲ್ಲಿ ಮುಟ್ಟುವಷ್ಟರಲ್ಲಿ ಆವಿಯಾಗಿತ್ತು. ಬದನೆ ಸಸಿಯ ಮಡಿಯಲ್ಲಿ ಕಳೆ ಕೀಳುತ್ತಿದ್ದ ಚಂದವ್ವ ಮಾಲೆ ತೆಗೆದುಕೊಂಡು ಪಕ್ಕಕ್ಕಿಟ್ಟಳು.

"ನೀ ಏನ್ ಮಾಡ್ತಿ ತಂಗಿ. ಭೂಮಿತಾಯಿನೇ ನನ್ನ ಕೈದು ಒಲ್ಲೆ ಅಂದಾಳ."

ಬೈದಿದ್ದರೆ ಎಷ್ಟೋ ಸಮಾಧಾನವಿತ್ತು.

*

ಸಂಕ್ರಾಂತಿ ಕಳೆದದ್ದೇ, ಆ ವರ್ಷದ ಚಳಿ ಎಲ್ಲರ ಲೆಕ್ಕ ತಪ್ಪಿಸಿತು. ಲೋಕಲ್‌ನಲ್ಲಿ ಜನ ಮಫ್ಲರು ಸುತ್ತಿಕೊಂಡು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಇನ್ನೂ ಇಳಿಯಲಿದೆ ಎಂದು ಟೀವಿ ಹೇಳಿತು. ಉಡುಪಿ ಕಡೆಯವರಿಗೆ ಮಳೆ ಗೊತ್ತು, ಸೆಖೆ ಗೊತ್ತು. ಚಳಿಗೆ ಗಿಡ ಸಾಯುತ್ತದೆ ಎಂದರೆ ಅದು ಕಾಶ್ಮೀರದ ಸಮಾಚಾರ. ಜ್ಯೋತ್ಸ್ನಾ ನೀಲಿ ಪ್ಲಾಸ್ಟಿಕ್ ಹಾಳೆ ತಂದು ಒಂದು ಗಿಡಕ್ಕೆ ಬಿಗಿಯಾಗಿ ಸುತ್ತಿದಳು. ಮರುದಿನ ನೋಡಿದರೆ ಒಳಗೆಲ್ಲ ನೀರಹನಿ, ಪ್ಲಾಸ್ಟಿಕ್ಕಿಗೆ ತಾಗಿದ ಎಲೆಗಳೆಲ್ಲ ಬೆಂದಂತೆ ಕಪ್ಪು.

"ಪಾಪ, ಉಸಿರುಗಟ್ಟೈತಿ," ಬೇಲಿಯಾಚೆಯಿಂದ ದನಿ ಬಂತು. ಆಕಾಶನ ದನಿ ಈಗೀಗ ಬಹಳ ಸಲ ಬರುತ್ತಿತ್ತು. "ಒಳಗ ಬರ್ಲಾ? ನನ್ನ ಕೆಲಸನೇ ಚಳಿದು. ಮಹಾಪೆ ಕಂಪನಿದಾಗ ಕಂಪ್ಯೂಟರ್ ರೂಮಿನ ಎಸಿ ನೋಡಕೋತೀನಿ."

"ಅದು ಚಳಿ ಮಾಡುವ ಕೆಲಸ. ಇಲ್ಲಿ ಚಳಿ ಓಡಿಸಬೇಕು," ಎಂದಳು ಜ್ಯೋತ್ಸ್ನಾ. ಹೇಳಿದ ಮೇಲೆ ಹೇಳಿದ್ದು ತಾನೇನಾ ಎಂದು ಅವಳಿಗೇ ಆಶ್ಚರ್ಯ.

"ಓಹೋ! ಮೇಡಂಗ ಮಾತು ಬರ್ತಾವ!"

ಅವಳು ತಲೆ ತಗ್ಗಿಸಿ ನಕ್ಕಳು. ತಗ್ಗಿಸಿದ ಮುಖದ ನಗುವನ್ನು ನೋಡಲು ಅವನು ಬೇಕೆಂದೇ ಬಗ್ಗಿ ಚಪ್ಪಲಿ ಸರಿಮಾಡಿಕೊಂಡ.

ಕೆಲಸ ಶುರುವಾಯಿತು. ಹೋಟೆಲಿನ ಗೋದಾಮಿನಲ್ಲಿ ಅಕ್ಕಿಯ ಹಳೆಯ ಗೋಣಿಚೀಲಗಳಿದ್ದವು. ಅವನ್ನು ಬಿಚ್ಚಿ ಅಗಲ ಮಾಡಿ ದಬ್ಬಣದಿಂದ ಜೋಡಿಸಿ ಹೊಲಿದರು. ಎಲೆಗೆ ತಾಗದಂತೆ ಬಿದಿರಿನ ಕಮಾನು ಊರಿ, ಮೇಲೆ ಗೋಣಿ ಹೊದಿಸಿದರು. ಸಂಜೆ ಹೊದಿಸುವುದು, ಬಿಸಿಲೇರಿದ ಮೇಲೆ ತೆಗೆಯುವುದು. ನೀರು ಬೆಳಿಗ್ಗೆ ಮಾತ್ರ. ಬುಡಕ್ಕೆ ಆಕಾಶ ತಂದ ಭತ್ತದ ಹುಲ್ಲು. ನದಿಯ ಕಡೆಯಿಂದ ಬರುವ ಗಾಳಿಗೆ ಅಡ್ಡವಾಗಿ ಜ್ಯೋತ್ಸ್ನಾ ತೆಂಗಿನ ಮಡಲಿನ ತಟ್ಟಿ ಹೆಣೆದಳು. ಅವಳ ಬೆರಳು ಗರಿಯೊಳಗೆ ಹೊಕ್ಕು ಹೊರಬರುವುದನ್ನು ಆಕಾಶ ಹೊಲಿಗೆ ಬಿಟ್ಟು ನೋಡುತ್ತಿದ್ದ.

"ಎಂತ ನೋಡುವುದು?"

"ಕಲೀಲಾಕ ನೋಡ್ತೀನಿ."

"ಹೆಣಿಗೆ ಕೈಯಲ್ಲಿ ಉಂಟು. ನೀವು ಮುಖ ನೋಡ್ತಾ ಇದ್ದೀರಿ."

"ಮೊದಲ ಟೀಚರ್‌ನ ನೋಡಬೇಕಲ್ರೀ," ಎಂದು ಅವನು ದಬ್ಬಣವನ್ನು ತನ್ನ ಹೆಬ್ಬೆರಳಿಗೇ ಚುಚ್ಚಿಕೊಂಡ. ಅವಳು ಓಡಿಬಂದು ಬೆರಳು ಹಿಡಿದು, ಹಿಡಿದಿದ್ದೇನೆಂದು ತಿಳಿದ ಕೂಡಲೇ ಕೆಂಡ ಮುಟ್ಟಿದವಳಂತೆ ಬಿಟ್ಟಳು. ಬಿಟ್ಟ ಬೆರಳನ್ನು ಅವನು ಬಹಳ ಹೊತ್ತು ಹಾಗೆಯೇ ಗಾಳಿಯಲ್ಲಿ ಹಿಡಿದುಕೊಂಡಿದ್ದ.

ಇಷ್ಟಕ್ಕೇ ತೃಪ್ತಿಯಾಗದೆ ಒಂದು ಸಂಜೆ ಅವನು ಗೋಣಿಯೊಳಗೆಲ್ಲ ಬಲ್ಬು ಕಟ್ಟಿದ. "ಸೈನ್ಸ್ ಮೇಡಂ! ನಿಮ್ಮ ಮಲ್ಲಿಗಿ ಸ್ವೆಟರ್ ಬಿಚ್ಚಿ ಒಗೀತಾವ ನೋಡ್ರಿ." ಸ್ವಿಚ್ ಒತ್ತಿದ. ಢಬ್! ಇಡೀ ವಾಡಿಯ ಕರೆಂಟು ಹೋಯಿತು. "ಕೋಣ್ ರೇ ತೋ?" ಯಾರವನೆಂದು ಜಮೀನಿನ ಯಜಮಾನರು ಮರಾಠಿಯಲ್ಲಿ ಕೂಗಿದ್ದಕ್ಕೆ, ಎಸಿ ಟೆಕ್ನಿಷಿಯನ್ ಮಹಾಶಯ ಬಸಳೆ ಚಪ್ಪರದಡಿಗೆ ನುಸುಳಿದ. ಜ್ಯೋತ್ಸ್ನಾ ನಕ್ಕಳು. ಬಾಯಿಗೆ ಸೆರಗು ಮುಚ್ಚದೆ, ಹೊಟ್ಟೆ ಹಿಡಿದು, ಗಟ್ಟಿಯಾಗಿ. ಆ ನಗುವಿಗಾಗಿ ಇಡೀ ಕಲ್ಯಾಣದ ಕರೆಂಟು ತೆಗೆದರೂ ತಪ್ಪಿಲ್ಲ ಎನಿಸಿತು ಚಪ್ಪರದಡಿಯವನಿಗೆ.

ಚಂದವ್ವ ಮಾತ್ರ ಬೇಲಿಯ ಈಚೆ ಬರಲಿಲ್ಲ.

*

ಎಲ್ಲಕ್ಕಿಂತ ಹೆಚ್ಚು ಚಳಿ ಬಿದ್ದ ದಿನ ಆಕಾಶನಿಗೆ ನೈಟ್ ಶಿಫ್ಟ್, ಬೇಗನೇ ಹೊರಟುಹೋಗಿದ್ದ. ಜ್ಯೋತ್ಸ್ನಾ ಒಬ್ಬಳೇ ಎಲ್ಲ ಸಾಲಿಗೂ ಗೋಣಿ ಹೊದಿಸಿ, ತುದಿಗೆ ಕಲ್ಲಿಟ್ಟು, ಕೈಕೊಡವಿಕೊಂಡು ಹೊರಟಳು. ಬೇಲಿಯಾಚೆ ಕಣ್ಣು ಹೋಯಿತು. ಚಂದವ್ವನ ಬದನೆ ಸಸಿಯ ಮಡಿ ಬರಿಮೈಯಲ್ಲಿತ್ತು. ವರ್ಷದ ಬೆಳೆ ಅದೇ. ಆ ಬೆರಳುದ್ದದ ಸಸಿಗಳು ಬದುಕಿದರೆ ಮುಂದಿನದೆಲ್ಲ. ಚಂದವ್ವ ಶಾಲು ಹೊದ್ದು ಬದುವಿನ ಮೇಲೆ ಸುಮ್ಮನೆ ಕುಳಿತಿದ್ದಳು.

"ಹೊದಿಸಲಿಲ್ವಾ?" ಎಂದಳು ಜ್ಯೋತ್ಸ್ನಾ.

"ಒಲ್ಲೆ ಅಂದಾಕಿ ಮುಂದ ಯಾಕ ಬಡಕೊಳ್ಳಿ ತಂಗಿ. ಉಳಿಸೋದಿದ್ರ ಆಕಿನೇ ಉಳಿಸ್ಕೋತಾಳ."

ಸೂರ್ಯ ಕಲ್ಯಾಣದ ಕಟ್ಟಡಗಳಾಚೆ ಜಾರುತ್ತಿದ್ದ. ಹೋಟೆಲಿಗೆ ಹೋಗಿ ಚೀಲ ತರುವಷ್ಟು ಹೊತ್ತಿಲ್ಲ, ಗೋದಾಮಿನಲ್ಲಿ ಚೀಲವೂ ಉಳಿದಿಲ್ಲ. ಜ್ಯೋತ್ಸ್ನಾ ತನ್ನ ತೋಟದ ಕಡೆ ತಿರುಗಿ ನಿಂತಳು. ಒಂದು ಸಾಲು ಹೋದರೂ ಮುಗಿಯಿತು, ಎಂದಿದ್ದರಲ್ಲ ಅಪ್ಪ. ಸಾನಪಾಡಾದ ಆಫೀಸು, ಟ್ಯೂಬ್‌ಲೈಟು, ನಾಲ್ಕು ಜನರೆದುರು ಒಣಗುವ ಗಂಟಲು ಎಲ್ಲ ಕಣ್ಮುಂದೆ ಬಂತು. ಈ ತೋಟ ಬಿಟ್ಟರೆ ಈ ಬೇಲಿಯೂ ಇಲ್ಲ, ಬೇಲಿಯಾಚೆಯ ಆ ದನಿಯೂ ಇಲ್ಲ.

ಅವಳು ಹೋಗಿ ನದಿಯ ಕಡೆಯ ಸಾಲಿನ ಗೋಣಿ ಕಿತ್ತಳು. ಬಿದಿರ ಕಮಾನುಗಳನ್ನೂ ಕಿತ್ತಳು. ಎಲ್ಲವನ್ನೂ ತಲೆಯ ಮೇಲೆ ಹೊತ್ತು ಬೇಲಿ ದಾಟಿ, ಬದನೆ ಮಡಿಯ ಮೇಲೆ ಒಂದೊಂದಾಗಿ ಊರತೊಡಗಿದಳು. ಚಂದವ್ವ ನೋಡುತ್ತ ಕುಳಿತಳು. ಉದ್ದದ ಗೋಣಿ ಗಾಳಿಗೆ ಪಟಪಟನೆ ಹಾರಿ ಜ್ಯೋತ್ಸ್ನಾಳ ಮುಖಕ್ಕೇ ಬಡಿದಾಗ, ಇನ್ನೊಂದು ತುದಿಯನ್ನು ಯಾರೋ ಹಿಡಿದರು.

"ಜಗ್ಗಬ್ಯಾಡ, ಹರೀತದ," ಎಂದಳು ಚಂದವ್ವ. "ಈ ಕಡಿ ನಾ ಹಿಡೀತೀನಿ."

ಬೆಳಿಗ್ಗೆ ಶಿಫ್ಟ್ ಮುಗಿಸಿ ನೇರ ಬಂದ ಆಕಾಶ ಕಂಡದ್ದು ಇಷ್ಟು: ಅವ್ವನ ಸಸಿಗಳು ಗೋಣಿಯಡಿ ಹಸಿರಾಗಿದ್ದವು. ನದಿಯ ಕಡೆಯ ಮಲ್ಲಿಗೆ ಸಾಲು ಕಪ್ಪಾಗಿ ಜೋತುಬಿದ್ದಿತ್ತು. ನಡುವೆ ಜ್ಯೋತ್ಸ್ನಾ ಕುಳಿತಿದ್ದಳು.

"ಯಾಕ ಮಾಡಿದ್ರಿ ಹಿಂಗ? ನಿಮ್ಮ ಅಪ್ಪನ ಶರ್ತು ಗೊತ್ತಿತ್ತಲ್ಲ?"

"ನಿಮ್ಮ ಅಮ್ಮನಿಗೆ ಒಂದು ಮಾತು ಹೇಳಬೇಕಿತ್ತು. ಬಾಯಲ್ಲಿ ಬರಲಿಲ್ಲ."

ರಾತ್ರಿಯಿಡೀ ಯಂತ್ರಗಳಿಗೆ ಚಳಿ ಊದಿ ಬಂದವನ ಕಣ್ಣು ಕೆಂಪಾಗಿತ್ತು. ಅವನು ತನ್ನ ಕಂಪನಿಯ ಜಾಕೆಟ್ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ. ಅದರೊಳಗೆ ಅವನ ಮೈಯ ಬಿಸಿ ಇನ್ನೂ ಇತ್ತು. ಅವಳು ಅದನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು.

*

ಶಿವರಾತ್ರಿಯ ದಿನ ತಾರಾನಾಥ ಬಂದರು. ಉಳಿದ ಸಾಲುಗಳಲ್ಲಿ ಹೊಸ ಚಿಗುರು ಮೂಡಿತ್ತು. ಸತ್ತ ಸಾಲಿನ ಮುಂದೆ ಅವರು ಕೈಕಟ್ಟಿ ನಿಂತರು. ಅಲ್ಲಿ ಆಕಾಶ ಒಣಗಿದ ಬೇರು ಅಗೆದು ತೆಗೆಯುತ್ತಿದ್ದ.

"ಮಾತು ಮಾತೇ ಅಲ್ವಾ ಮಗಾ. ಸೋಮವಾರ ಅಕ್ಕನಿಗೆ ಫೋನ್ ಮಾಡುತ್ತೇನೆ."

ಯಾವಾಗಲೂ ಆಡುವ ತಲೆ ಈ ಸಲ ಆಡಲಿಲ್ಲ.

"ಇಲ್ಲಪ್ಪ, ನಾನು ಹೋಗುವುದಿಲ್ಲ."

"ದಾನೆ?" ಅಪ್ಪನಿಗೆ ಗಾಬರಿಯಲ್ಲಿ ತುಳುವೇ ಬಂತು.

"ಆ ಸಾಲು ಚಳಿಗೆ ಸಾಯಲಿಲ್ಲ. ನಾನೇ ಗೋಣಿ ತೆಗೆದು ಚಂದವ್ವನ ಸಸಿಗೆ ಹಾಕಿದೆ. ಅವರು ಅನ್ನ ಕೊಟ್ಟರೆ ನಾನು ಎಂಜಲು ಅಂತ ಗೂಟಕ್ಕೆ ಕಟ್ಟಿದ್ದೆ. ಮತ್ತೆ ಹಾಗೇ ಚಳಿ ಬಂದರೆ ಮತ್ತೆ ತೆಗೆಯುತ್ತೇನೆ. ಇಲ್ಲಿ ಹೊಸ ಗೆಲ್ಲು ನೆಡುತ್ತೇನೆ. ಆಫೀಸಿನಲ್ಲಿ ಕೂತರೆ ನಾನು ಬದುಕುವುದಿಲ್ಲಪ್ಪ, ಬರೀ ಇರುತ್ತೇನೆ. ಮತ್ತೆ..." ಅವಳು ಸತ್ತ ಸಾಲಿನ ಕಡೆ ಕೈ ತೋರಿಸಿದಳು. "ಮತ್ತೆ ಆ ಅಗೆಯುತ್ತಿದ್ದಾರಲ್ಲ, ಆಕಾಶ, ಅವರನ್ನು ಬಿಟ್ಟು ಹೋಗಲಿಕ್ಕೂ ನನಗೆ ಮನಸ್ಸಿಲ್ಲ. ನಮ್ಮ ಜಾತಿಯವರಲ್ಲ, ತುಳು ಬರುವುದಿಲ್ಲ, ಎಲ್ಲ ಗೊತ್ತುಂಟು."

ಗುದ್ದಲಿಯ ಸದ್ದು ನಿಂತಿತು.

ತಾರಾನಾಥ ಮಗಳನ್ನೇ ನೋಡಿದರು. ಆಮೇಲೆ ಆ ಹುಡುಗನನ್ನು. ಆಮೇಲೆ ಮತ್ತೆ ಮಗಳನ್ನು.

"ನೀನು ಹುಟ್ಟಿದ ಮೇಲೆ ಒಟ್ಟಿಗೆ ಇಷ್ಟು ಮಾತಾಡಿದ್ದು ಇವತ್ತೇ," ಎಂದರು. "ಬಾಯಿ ಬಿಡುವುದು ಕಲಿಯಲಿ ಅಂತಲ್ವಾ ಆಫೀಸಿಗೆ ಕಳಿಸಲು ಹೊರಟದ್ದು! ಇನ್ನು ಅಲ್ಲಿ ಹೋಗಿ ಎಂತ ಕಲೀತಿ?" ಕರ್ಚೀಫಿನಿಂದ ಮುಖ ಒರೆಸಿಕೊಂಡರು. "ತೋಟ ಇಟ್ಟುಕೋ. ಆ ಇನ್ನೊಂದು ವಿಷಯ... ಅವನನ್ನು ಮನೆಗೆ ಕರೆ. ನಿನ್ನ ಅಮ್ಮನ ಹತ್ತಿರ ಈಗ ಹೇಳಿದ ಹಾಗೆಯೇ ಹೇಳು. ನನ್ನಿಂದಾಗದು ಮಾರಾಯ್ತಿ."

ಅವರು ರಸ್ತೆಯ ಕಡೆ ಹತ್ತಿ ಹೋದರು. ಆಕಾಶ ಗುದ್ದಲಿ ಒರಗಿಸಿ ಎದುರಿಗೆ ಬಂದು ನಿಂತ. ಮೂಗಿನ ಮೇಲೆ ಮಣ್ಣು.

"ಅಪ್ಪಗ ಹೇಳಿದ್ರಿ. ಇನ್ನ ಅಮ್ಮಗ ಹೇಳ್ತೀರಿ. ನನಗ?"

"ಕೇಳಿಸಿಕೊಂಡಿರಲ್ಲ!"

"ಅದು ಅಪ್ಪಗ ಹೇಳಿದ್ದು. ನನಗಂತ ಬ್ಯಾರೆ ಬೇಕು. ನಾ ಮೊದಲ ಹೇಳ್ಲಾ? ಆ ಥೈಲಿ ಹಿಡಕೊಂಡು ಬಂದ ದಿನದಿಂದ ಗಂಟಲದಾಗ ಇಟ್ಕೊಂಡೀನಿ. ನಿನ್ನ ಬಿಟ್ಟು ಯಾರೂ ಬ್ಯಾಡ ನನಗ."

ಜ್ಯೋತ್ಸ್ನಾ ಕೈ ಚಾಚಿ ಅವನ ಮೂಗಿನ ಮಣ್ಣು ಒರೆಸಿದಳು. ಈ ಸಲ ಕೈ ಹಿಂದಕ್ಕೆ ಬರಲಿಲ್ಲ. ಆಮೇಲೆ ಹೇಳಿದಳು, "ನನಗೂ ನೀನೇ ಬೇಕು." ಪಿಸುಮಾತಿನಲ್ಲಲ್ಲ. ಬೇಲಿಯಾಚೆ ಬದನೆ ಸಸಿ ಕಿತ್ತು ಸಾಲಿಗೆ ನೆಡುತ್ತಿದ್ದ ಚಂದವ್ವ ತಲೆ ಎತ್ತಿ ನೋಡುವಷ್ಟು ಗಟ್ಟಿಯಾಗಿ.

"ಕೇಳ್ತು ಬಿಡವ್ವಾ," ಎಂದಳು ಚಂದವ್ವ, ಮಣ್ಣುಗೈಯಲ್ಲೇ ಸೆರಗು ಸರಿಮಾಡಿಕೊಳ್ಳುತ್ತ. "ನದಿಯಾಚಿನವರಿಗೂ ಕೇಳ್ತು."