ಹುಡುಕಬೇಡಿ ಎಂದ ದನಿ

ಆ ಸಂದೇಶದಲ್ಲಿ ಇದ್ದದ್ದು ನಾಲ್ಕೇ ಮಾತು.

"ಸಾಕಾಯ್ತು ನಂಗೆ... ಇನ್ನು ನನ್ನ ಕೈಲಿ ಆಗಲ್ಲ... ನಾನು ಹೊರಟೆ... ಹುಡುಕಬೇಡಿ."

ಶುಕ್ರವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ಅದನ್ನು ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಹಾಕಿಸಿದಾಗ ಕೋಣೆಯಲ್ಲಿ ನಾಲ್ಕು ಜನ ಇದ್ದರು. ಸೋಫಾದ ತುದಿಯಲ್ಲಿ ಕಾಣೆಯಾದ ಗಾಯಕಿಯ ತಂಗಿ, ಕಣ್ಣು ಊದಿಸಿಕೊಂಡು. ಕಿಟಕಿಯ ಬಳಿ ಸ್ಟುಡಿಯೋ ಮಾಲೀಕರೂ ಆಗಿದ್ದ ಸಂಗೀತ ನಿರ್ದೇಶಕರು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಕಂಪ್ಯೂಟರಿನ ಮುಂದೆ ಕತ್ತರಿ. ಹಾಡುಗಳನ್ನು ಕತ್ತರಿಸಿ ಜೋಡಿಸುವುದು ಆಕೆಯ ಕೆಲಸವಾದ್ದರಿಂದ ಆ ಹೆಸರು ಅಂಟಿಕೊಂಡು ಹನ್ನೊಂದು ವರ್ಷವಾಗಿತ್ತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನದೊಳಗೆ ಬರುತ್ತೇನೆಂದು ಹೇಳಿ ಅಕ್ಕ ಮನೆ ಬಿಟ್ಟಿದ್ದಳು. ಸಂಜೆ ಐದಕ್ಕೆ ತಂಗಿಯ ಫೋನಿಗೆ ಈ ಸಂದೇಶ. ಆಮೇಲೆ ಅಕ್ಕನ ಫೋನು ಸತ್ತುಹೋಗಿತ್ತು. ರೈಲು ನಿಲ್ದಾಣ, ಆಸ್ಪತ್ರೆ, ನದಿ ದಂಡೆ ಎಲ್ಲ ಜಾಲಾಡಿಸಿ, ಕೊನೆಗೆ ಆಕೆ ಕೆಲಸ ಮಾಡುವ ಜಾಗವನ್ನೂ ನೋಡಿಬಿಡೋಣ ಎಂದು ಇನ್ಸ್‌ಪೆಕ್ಟರು ಬಂದಿದ್ದರು. ನಿವೃತ್ತಿಗೆ ಹತ್ತಿರವಿದ್ದ, ಅವಸರವೆಂದರೆ ಏನೆಂದು ತಿಳಿಯದ ಮನುಷ್ಯ.

"ಇನ್ನೊಂದ್ಸಲ ಹಾಕಿ," ಎಂದಳು ಕತ್ತರಿ.

ಹಾಕಿದರು. ಕತ್ತರಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಈ ಮಾತುಗಳನ್ನು ತಾನು ಮೊದಲೇ ಕೇಳಿದ್ದೇನೆ. ಇದೇ ಏರಿಳಿತದಲ್ಲಿ. ಆದರೆ ಒಟ್ಟಿಗಲ್ಲ, ಬಿಡಿಬಿಡಿಯಾಗಿ.

ಮಂಗಳವಾರ ಅಕ್ಕ ಒಂದೇ ಹಾಡನ್ನು ಆರು ಸಲ ಹಾಡಿದ್ದಳು, ಆರು ಟೇಕ್. ಕತ್ತರಿಯ ಕೆಲಸ ಎಂದರೆ ಒಂದರಿಂದ ಈ ಸಾಲು, ಇನ್ನೊಂದರಿಂದ ಆ ಪದ ಎಂದು ಆರಿಸಿ, ಬೆಸುಗೆ ಕಾಣದಂತೆ ಒಂದೇ ಹಾಡು ಕಟ್ಟುವುದು. ಟೇಕ್ ಮುಗಿದ ಮೇಲೂ ಮೈಕು ಓಡುತ್ತಲೇ ಇರುತ್ತದೆ. ಆಗ ಆಡಿದ ಹರಟೆ, ಗೊಣಗಾಟ, ಕೆಮ್ಮು ಎಲ್ಲವೂ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಕತ್ತರಿ ಎರಡನೆಯ ಟೇಕಿನ ಬಾಲ ತೆರೆದಳು.

"ಸಾಕಾಯ್ತು ನಂಗೆ, ಒಂದು ಲೋಟ ನೀರು ಕೊಡಿ," ಎಂದಿತು ಸ್ಪೀಕರಿನಲ್ಲಿ ಅಕ್ಕನ ದನಿ.

ನಾಲ್ಕನೆಯದರ ಬಾಲ: "ಈ ಮೇಲಿನ ಸಾಲು ಇನ್ನು ನನ್ನ ಕೈಲಿ ಆಗಲ್ಲ." ಆರನೆಯದು: "ಬರ್ಲಾ? ಬಸ್ಸಿಗೆ ಹೊತ್ತಾಯ್ತು, ನಾನು ಹೊರಟೆ."

ತಂಗಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ನೀರು ಕೇಳಿದ ದನಿ, ಬಸ್ಸಿಗೆ ಹೊರಟ ದನಿ. ಅದನ್ನೇ ಯಾರೋ ಕೊಯ್ದು, ಹೊಲಿದು, ಸಾವಿನ ಮಾತು ಮಾಡಿದ್ದರು. ಆ ಸ್ಪೀಕರಿನ ಕಪ್ಪು ಬಟ್ಟೆಯ ಹಿಂದೆ ಅಕ್ಕ ಇದ್ದಾಳೇನೋ ಎಂಬಂತೆ ಎಲ್ಲರೂ ಅದನ್ನೇ ನೋಡುತ್ತಿದ್ದರು.

"ಅಂದ್ರೆ ಇದು ಆಕೆ ಕಳಿಸಿದ್ದಲ್ಲ," ಎಂದರು ಇನ್ಸ್‌ಪೆಕ್ಟರು.

ಅಲ್ಲ ಎಂದಳು ಕತ್ತರಿ. ಕಂಪ್ಯೂಟರಿನಲ್ಲಿ ಜೋಡಿಸಿ, ಸ್ಪೀಕರಿನಲ್ಲಿ ನುಡಿಸಿ, ಅಕ್ಕನ ಫೋನನ್ನು ಮುಂದೆ ಹಿಡಿದರೆ ಆಯಿತು. ಅಕ್ಕ ಫೋನಿಗೆ ಗುಟ್ಟಿನ ಸಂಖ್ಯೆ ಹಾಕಿದವಳೇ ಅಲ್ಲ ಎಂದು ತಂಗಿ ಸೇರಿಸಿದಳು.

ಮೇಷ್ಟ್ರು ಕಿಟಕಿಯ ಬಳಿಯಿಂದ ಇತ್ತ ತಿರುಗಿದರು. ಮಾತಿನ ನಡುವಿನ ಬೆಸುಗೆಗಳ ಮೇಲೆ ಉಸಿರಿನ ಸದ್ದು ಹೊದಿಸಿರುವುದನ್ನು ಗಮನಿಸಿದಿರಾ ಎಂದು ಇನ್ಸ್‌ಪೆಕ್ಟರನ್ನು ಕೇಳಿದರು. ಅಷ್ಟು ನಯವಾಗಿ ಕೂಡಿಸುವ ಕೈ ಈ ಸ್ಟುಡಿಯೋದಲ್ಲಿ ಒಂದೇ. ಹೇಳಲು ನಾಲಿಗೆ ಬರುವುದಿಲ್ಲ, ಆದರೆ ಹೇಳಲೇಬೇಕು. ಹಾಗೆಂದು ಕತ್ತರಿಯ ಕಡೆ ನೋಡದೆ ಕಿಟಕಿಯಾಚೆ ನೋಡಿದರು.

ಇನ್ಸ್‌ಪೆಕ್ಟರು ಕುರ್ಚಿಯನ್ನು ಆಕೆಯ ಎದುರಿಗೆ ಎಳೆದುಕೊಂಡರು.

"ಗುರುವಾರ ಎಲ್ಲಿದ್ರಮ್ಮ?"

"ರಜದಲ್ಲಿದ್ದೆ ಸರ್. ಅಮ್ಮನಿಗೆ ಕಣ್ಣಿನ ಆಪರೇಷನ್."

"ನೋಡಿದವರು?"

"ಅಮ್ಮನೇ. ಆದ್ರೆ ಅವಳ ಕಣ್ಣಿಗೆ ಪಟ್ಟಿ ಕಟ್ಟಿತ್ತು."

ಇನ್ಸ್‌ಪೆಕ್ಟರಿಗೆ ನಗು ಬಂದರೂ ನುಂಗಿಕೊಂಡರು. ಆಸ್ಪತ್ರೆಯ ಹೆಸರು ಬರೆದುಕೊಂಡು ಮೇಷ್ಟ್ರ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು.

ಮೇಷ್ಟ್ರ ಉತ್ತರ ಸಲೀಸಾಗಿ ಬಂತು. ಗುರುವಾರ ಇಡೀ ದಿನ ಇಲ್ಲೇ ಒಬ್ಬರೇ. ಅಕ್ಕನಿಗೆ ಮೇಲಿನ ಸಾಲು ಎಟುಕುತ್ತಿರಲಿಲ್ಲವಲ್ಲ, ಅದಕ್ಕೆ ಹಾಡಿನ ಶ್ರುತಿಯನ್ನೇ ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಇಳಿಸಿ ಹೊಸದಾಗಿ ಕೂರಿಸಿದರು. ಬೇಕಾದರೆ ಕಂಪ್ಯೂಟರಿನಲ್ಲಿ ಹೊತ್ತು ದಾಖಲಾಗಿದೆ, ಬೆಳಿಗ್ಗೆ ಒಂಬತ್ತೂವರೆ. ಅಕ್ಕ ಮಂಗಳವಾರ ಹೋದವಳು ಮತ್ತೆ ಇತ್ತ ಕಾಲಿಟ್ಟಿಲ್ಲ.

"ಆ ಹೊಸ ಶ್ರುತಿ ಬೇರೆ ಯಾರಾದ್ರೂ ಕೇಳಿದಾರಾ?"

"ಯಾರೂ ಇಲ್ಲ. ಈಗ ಬೆಳಿಗ್ಗೆ ಕತ್ತರಿಗೆ ಕೊಟ್ಟೆ, ಅಷ್ಟೇ."

ಕತ್ತರಿ ಅಷ್ಟರಲ್ಲಿ ಹೆಡ್‌ಫೋನು ಏರಿಸಿಕೊಂಡು ಕಣ್ಣು ಮುಚ್ಚಿದ್ದಳು. ತನ್ನ ಮೇಲೆ ಬಂದ ಅಪವಾದಕ್ಕಿಂತ ಆಕೆಯನ್ನು ಕಾಡುತ್ತಿದ್ದದ್ದು ನಾಲ್ಕನೆಯ ಮಾತು. 'ಹುಡುಕಬೇಡಿ' ಆರು ಟೇಕಿನಲ್ಲಿ ಎಲ್ಲೂ ಇಲ್ಲ. ಉಳಿದ ಮೂರು ದಣಿದ ದನಿ. ಇದು ಸಿಟ್ಟಿನ ದನಿ. ಎದುರಿಗಿದ್ದ ಯಾರಿಗೋ ಮುಖಕ್ಕೆ ಹೊಡೆದಂತೆ ಹೇಳಿದ್ದು. ಆಕೆ ಆ ತುಣುಕಿನ ಕೊನೆಯನ್ನು ಹಿಗ್ಗಿಸಿ, ಸದ್ದು ಏರಿಸಿ, ಏರಿಸಿ, ಮತ್ತೆ ಏರಿಸಿದಳು. ಮಾತು ಮುಗಿದ ಮೇಲಿನ ಆ ಅರೆ ಕ್ಷಣದ ಮೌನದಲ್ಲಿ, ಬೂದಿಯ ಕೆಳಗಿನ ಕೆಂಡದಂತೆ ಏನೋ ಇತ್ತು.

ಸೊಳ್ಳೆಯ ಗುಂಯ್ಗುಡುವಿಕೆಯಷ್ಟು ಸಣ್ಣ ಶ್ರುತಿ.

ಆಕೆ ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಹಾಡುವವರ ಕಿವಿಯಲ್ಲಿ ಶ್ರುತಿ ಮೊಳಗುತ್ತಿರುತ್ತದೆ, ಹೆಡ್‌ಫೋನಿನಿಂದ ಅದರ ಒಂದು ಎಳೆ ಸೋರಿ ಮೈಕಿಗೂ ಬೀಳುತ್ತದೆ ಎಂದು ಇನ್ಸ್‌ಪೆಕ್ಟರಿಗೆ ವಿವರಿಸಿದಳು. ಮಂಗಳವಾರದ ತುಣುಕು ಹಾಕಿದಳು, ಹಿಂದೆಯೇ ಇದನ್ನು. ಸಂಗೀತದ ಗಂಧವಿಲ್ಲದ ಇನ್ಸ್‌ಪೆಕ್ಟರಿಗೂ ಎರಡನೆಯದು ಒಂದು ಮೆಟ್ಟಿಲು ಕೆಳಗಿಳಿದದ್ದು ಕೇಳಿಸಿತು.

"ಅರ್ಧ ಮನೆ ಕೆಳಗಿದೆ ಸರ್."

ಇನ್ಸ್‌ಪೆಕ್ಟರು ಎದ್ದು ಮೇಷ್ಟ್ರ ಮುಂದೆ ನಿಂತರು.

"ಗುರುವಾರ ಒಂಬತ್ತೂವರೆಗಿಂತ ಮೊದಲು ಈ ಶ್ರುತಿ ಹುಟ್ಟೇ ಇರಲಿಲ್ಲ ಅಂತ ನೀವೇ ಹೇಳಿದ್ರಿ. ಯಾರೂ ಕೇಳಿಲ್ಲ ಅಂತಾನೂ ನೀವೇ ಹೇಳಿದ್ರಿ. ಹಾಗಾದ್ರೆ ಅದು ಆಕೆ ಕಿವೀಲಿ ಹೇಗಿತ್ತು?"

ಮೇಷ್ಟ್ರು ಅಷ್ಟು ಚೆನ್ನಾಗಿ ಕಟ್ಟಿದ ಸಾಕ್ಷಿಯೇ ಅವರನ್ನು ಹಿಡಿದುಕೊಟ್ಟಿತ್ತು.

"ಗುರುವಾರ ಆಕೆ ಇಲ್ಲಿಗೆ ಬಂದಿದ್ರು. ನಿಮ್ಮೆದುರಿಗೆ ನಿಂತು ಮಾತಾಡಿದ್ರು. ಆ ಮಾತನ್ನೇ ಕತ್ತರಿಸಿ ಸಂಜೆ ಕಳಿಸಿದ್ದು ನೀವು. ಏನು ಹುಡುಕಬೇಡಿ ಅಂದ್ರು ಮೇಷ್ಟ್ರೇ?"

ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು. "ನೆಪ... ನೆಪ ಹುಡುಕಬೇಡಿ ಅಂದ್ಲು."

ಯಾವುದಕ್ಕೆ ನೆಪ ಎಂದು ಇನ್ಸ್‌ಪೆಕ್ಟರು ಕೇಳಿದ್ದು ಮೇಷ್ಟ್ರನ್ನು. ಆದರೆ ಹೇಳಿದವಳು ಕತ್ತರಿ. ತಂಗಿಯ ಮುಖ ನೋಡಲಾಗದೆ, ಪರದೆಯನ್ನು ನೋಡುತ್ತ ಹೇಳಿದಳು. ಮೂರು ವರ್ಷದಿಂದ ಅಕ್ಕನ ದನಿ ಮೇಲಿನ ಸ್ವರಕ್ಕೆ ಒಡೆಯುತ್ತಿತ್ತು. ತಂಗಿಯ ದನಿ ಅಕ್ಕನದರ ತದ್ರೂಪ. 'ಅಕ್ಕನಿಗೆ ಆಸರೆಗಿರಲಿ' ಎಂದು ತಂಗಿಯ ಕೈಲಿ ಪ್ರತ್ಯೇಕವಾಗಿ ಹಾಡಿಸಿ, ಆ ಮೇಲಿನ ಸಾಲುಗಳನ್ನು ಅಕ್ಕನ ಹಾಡಿನೊಳಗೆ ಹೊಲಿದದ್ದು ತಾನು. ಮೇಷ್ಟ್ರು ಹೇಳಿದರು, ತಾನು ಮಾಡಿದೆ. ಮೂರು ಹಾಡು. ಮೂರಕ್ಕೂ ಮೇಷ್ಟ್ರಿಗೆ ಹೆಸರು ಬಂತು. ಅಕ್ಕನಿಗೂ ಗೊತ್ತಿಲ್ಲ, ತಂಗಿಗೂ ಗೊತ್ತಿಲ್ಲ.

"ಅಕ್ಕನಿಗೆ ಈ ವಾರ ಗೊತ್ತಾಗಿರಬೇಕು," ಎಂದಳು. "ಎಲ್ಲರಿಗೂ ಹೇಳ್ತೀನಿ ಅಂದಿರಬೇಕು."

ತಂಗಿ ಅಳಲೂ ಇಲ್ಲ, ಬೈಯಲೂ ಇಲ್ಲ. "ಅಕ್ಕ ಎಲ್ಲಿ?" ಎಂದಷ್ಟೇ ಕೇಳಿದಳು.

ಮೇಷ್ಟ್ರು ಗೋಡೆಗೆ ಒರಗಿ ಕೂತುಬಿಟ್ಟಿದ್ದರು. ಎಷ್ಟು ಗದರಿಸಿದರೂ ಬಾಯಿ ಬಿಡಲಿಲ್ಲ. ಕತ್ತರಿಯ ತಲೆ ಮಾತ್ರ ಓಡುತ್ತಿತ್ತು. ಹಾಡುವ ಕೋಣೆಯ ಬೀಗದ ಕೈ ಮಂಗಳವಾರದಿಂದ ತನ್ನ ಚೀಲದಲ್ಲೇ ಇದೆ. ಹಾಗಿದ್ದರೆ ಗುರುವಾರ ಅಕ್ಕನನ್ನು ನಿಲ್ಲಿಸಿದ್ದು ಎಲ್ಲಿ? ಈ ಕಟ್ಟಡದಲ್ಲಿ ಮೈಕಿರುವ ಇನ್ನೊಂದೇ ಜಾಗ ನೆಲಮಾಳಿಗೆಯ ಹಳೆಯ ಕೋಣೆ. ಒಂದಡಿ ದಪ್ಪದ ಬಾಗಿಲು, ಹತ್ತಿ ತುಂಬಿದ ಗೋಡೆ. ಒಳಗೆ ನಗಾರಿ ಬಾರಿಸಿದರೂ ಹೊರಗೆ ಇರುವೆ ನಡೆದಷ್ಟು ಸದ್ದಿಲ್ಲ. ಅದರ ತಂತಿ ಮಾತ್ರ ಇನ್ನೂ ಈ ಮೇಜಿಗೇ ಬಂದು ಸೇರಿತ್ತು.

ಆಕೆ ಆ ಮೈಕಿನ ಸದ್ದು ಏರಿಸುವ ಕೊನೆಯ ಗುಂಡಿಯನ್ನು ನಿಧಾನವಾಗಿ ಮೇಲೆ ಸರಿಸಿದಳು.

ಮೊದಲು ಬರೀ ಶೂನ್ಯದ ಮೊರೆತ. ಆಮೇಲೆ ಕೋಣೆಯ ತುಂಬ, ನಾಲ್ವರ ಕಿವಿಯ ಪಕ್ಕದಲ್ಲೇ ಎಂಬಂತೆ, ಯಾರೋ ಉಸಿರೆಳೆದರು. ಉದ್ದಕ್ಕೆ, ಹೊಟ್ಟೆಯ ಆಳದಿಂದ. ತಡೆದು ಹಿಡಿದರು. ಬಿಟ್ಟರು. ಮತ್ತೆ ಎಳೆದರು.

"ಅಕ್ಕ," ಎಂದಳು ತಂಗಿ. "ಹಾಡೋಕೆ ಮುಂಚೆ ಹೀಗೇ ಉಸಿರು ತಗೋತಾಳೆ."

ಮೇಷ್ಟ್ರ ಜೇಬಿನಲ್ಲಿ ಬೀಗದ ಕೈ ಸಿಕ್ಕಿತು. ಇನ್ಸ್‌ಪೆಕ್ಟರು ಎರಡೆರಡು ಮೆಟ್ಟಿಲು ಹಾರಿ ಇಳಿದರು. ಆ ವಯಸ್ಸಿಗೆ ಅವರು ಹಾಗೆ ಓಡಬಲ್ಲರೆಂದು ಯಾರೂ ಎಣಿಸಿರಲಿಲ್ಲ. ಬಾಗಿಲು ತೆರೆದಾಗ ಅಕ್ಕ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಕೂಗಿ ಕೂಗಿ ದನಿ ಪೂರ್ತಿ ಬಿದ್ದುಹೋಗಿತ್ತು. ಹುಚ್ಚು ಹಿಡಿಯಬಾರದೆಂದು, ಇಡೀ ಹಗಲು ರಾತ್ರಿ ಉಸಿರು ಎಣಿಸುತ್ತ ಇದ್ದಳಂತೆ. ಹೊಸ ಶ್ರುತಿಯಲ್ಲಿ ಹಾಡಿಸಲು ಕರೆಸಿದ್ದೆ, ಯಾರಿಗೂ ಹೇಳದಿರಲು ಹೇಗಾದರೂ ಒಪ್ಪಿಸೋಣ ಎಂದುಕೊಂಡೇ ಬೀಗ ಹಾಕಿದೆ, ಆಮೇಲೆ ತೆರೆಯಲು ಧೈರ್ಯ ಬರಲಿಲ್ಲ ಎಂದು ಮೇಷ್ಟ್ರು ಜೀಪು ಹತ್ತುವಾಗ ಹೇಳಿದರು. ಸಂದೇಶ ಕಳಿಸುವ ಧೈರ್ಯ ಮಾತ್ರ ಎಲ್ಲಿಂದ ಬಂತು ಎಂದರು ಇನ್ಸ್‌ಪೆಕ್ಟರು.

ಆಂಬುಲೆನ್ಸಿಗೆ ಕಾಯುವಾಗ ಅಕ್ಕ ಮೆಟ್ಟಿಲ ಮೇಲೆ ತಂಗಿಯ ಭುಜಕ್ಕೆ ಒರಗಿ ನೀರು ಕುಡಿದಳು. ಕತ್ತರಿ ಎದುರಿಗೆ ಕುಕ್ಕರಿಸಿ, ತಪ್ಪಾಯ್ತು ಎನ್ನಲು ಹೋಗಿ, ಆ ಮಾತು ತೀರ ಹಗುರ ಅನ್ನಿಸಿ ಸುಮ್ಮನಾದಳು. ಅಕ್ಕ ಕೈಸನ್ನೆ ಮಾಡಿ ಹತ್ತಿರ ಕರೆದಳು. ಪಿಸುದನಿ ಕೇಳಿಸಲು ಕತ್ತರಿ ಕಿವಿಯನ್ನು ಅವಳ ಬಾಯಿಯ ಹತ್ತಿರ ತರಬೇಕಾಯಿತು.

"ನಿನ್ನ ಕೈ ತುಂಬ ಚೆನ್ನಾಗಿದೆ ಕಣೇ," ಎಂದಳು ಅಕ್ಕ. "ಮೂರು ವರ್ಷ ಅದು ನಾನೇ ಅಂದ್ಕೊಂಡಿದ್ದೆ."

ಕತ್ತರಿ ಎದ್ದು ಒಳಗೆ ಹೋದಳು. ಇನ್ಸ್‌ಪೆಕ್ಟರು ಹೇಳಿಕೆ ಬರೆಸಿಕೊಳ್ಳಲು ಕಾಗದ ತೆಗೆದು, ಮೇಷ್ಟ್ರು ಏನೇನು ಮಾಡಿದರು ಹೇಳಿ ಎಂದರು. ಮೊದಲು ನಾನು ಮಾಡಿದ್ದು ಬರೆದುಕೊಳ್ಳಿ ಎಂದು ಹೇಳಿ ಆಕೆ ಎದುರಿಗೆ ಕೂತಳು.